ಮಳೆಯಲ್ಲಿ ಹನ್ನೊಂದು ಮಂದಿ

ಹನೂರಿನ ಕಡೆಯ ಬೇಸಾಯಗಾರನಿಗೆ ಮಳೆಯ ಲೆಕ್ಕ ತಿಂಗಳುಗಳಿಂದಲ್ಲ, ನಕ್ಷತ್ರಗಳಿಂದ. ಬೇಸಗೆಯ ಕೊನೆಯಲ್ಲಿ ಭರಣಿ, ಕೃತ್ತಿಕೆ ಎಂದು ಆರಂಭವಾಗುವ ಎಣಿಕೆ ಉತ್ತರೆ, ಹಸ್ತ, ಚಿತ್ತೆ, ಸ್ವಾತಿಗಳವರೆಗೆ ಸಾಗುತ್ತದೆ. ಮಲೆನಾಡಿನಂತೆ ಆಷಾಢ ಶ್ರಾವಣಗಳಲ್ಲಿ ಬಿಟ್ಟೂಬಿಡದೆ ಸುರಿಯುವ ಮಳೆ ಈ ಸೀಮೆಯದಲ್ಲ. ಮೇ ತಿಂಗಳಲ್ಲೊಮ್ಮೆ ಗುಡುಗು ಸಿಡಿಲುಗಳೊಡನೆ ಬಂದು, ನಡುವೆ ಮುನಿಸಿಕೊಂಡಂತೆ ದೂರವಿದ್ದು, ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ಮತ್ತೆ ಮನಸ್ಸು ಮಾಡುವ ಮಳೆ ಇಲ್ಲಿಯದು. ಆದುದರಿಂದ ಎಂದು ಬಿತ್ತಬೇಕು, ಏನನ್ನು ಬಿತ್ತಬೇಕು ಎಂಬ ನಿರ್ಧಾರ ವರ್ಷವರ್ಷವೂ ಹೊಸದಾಗಿಯೇ ಆಗಬೇಕು. ರಾಗಿಯ ನಡುವೆ ಅವರೆ ತೊಗರಿಗಳ ಅಕ್ಕಡಿ ಸಾಲು ಹಾಕುವುದು, ಮುಂಗಾರು ಕೈಕೊಟ್ಟರೆ ಹಿಂಗಾರಿಗೆ ಹುರುಳಿ ಚೆಲ್ಲುವುದು, ಇವೆಲ್ಲ ಆಕಾಶದ ಮಾತನ್ನು ಪೂರ್ತಿಯಾಗಿ ನಂಬದವರು ಮಾಡಿಕೊಂಡ ಏರ್ಪಾಡುಗಳು.

ಅದೇ ಮಳೆ ಕಾಲ್ಚೆಂಡಿನ ಬಯಲಿನ ಮೇಲೂ ಬೀಳುತ್ತದೆ. ಹನೂರು ತಾಲ್ಲೂಕಿನಲ್ಲಿ ಕಾಲ್ಚೆಂಡೆಲ್ಲಿಂದ ಬಂತು ಎಂದು ಹುಬ್ಬೇರಿಸುವವರು ಒಡೆಯರಪಾಳ್ಯದ ದಾರಿ ಹಿಡಿಯಬೇಕು. 1970ರ ದಶಕದಲ್ಲಿ ಅಲ್ಲಿ ನೆಲೆಗೊಂಡ ಟಿಬೆಟಿನ ನಿರಾಶ್ರಿತರ ವಸತಿಗೆ ಧೊಂಡೆನ್‌ಲಿಂಗ್ ಎಂದು ಹೆಸರು. ಮುಸುಕಿನ ಜೋಳ ಬೆಳೆದು ಬದುಕುವ ಈ ಜನ ಎಲ್ಲಿ ಬೀಡುಬಿಟ್ಟರೂ ಗೊಂಪಾದೊಡನೆ ಕಾಲ್ಚೆಂಡನ್ನೂ ಕರೆದುಕೊಂಡು ಹೋದವರು. ದಲೈ ಲಾಮಾ ಅವರ ಮಾತೃಶ್ರೀಯವರ ಸ್ಮರಣೆಗಾಗಿ ನಡೆಯುವ ಗ್ಯಾಲ್ಯುಮ್ ಚೆನ್ಮೊ ಸುವರ್ಣ ಕಪ್ ಪಂದ್ಯಾವಳಿಯಲ್ಲಿ ಒಂದೊಂದು ವಸತಿಯ ತಂಡವೂ ಮತ್ತೊಂದರೊಡನೆ ಸೆಣಸುವುದು ಅವರಿಗೆ ಹಬ್ಬವೇ ಸರಿ. ಇನ್ನು ಕೊಡಗಿನಲ್ಲಿಯೂ ಕರಾವಳಿಯಲ್ಲಿಯೂ ನಾಟಿಯ ಕಾಲದ ಕೆಸರುಗದ್ದೆಯಲ್ಲಿ ಬೇಕೆಂದೇ ಇಳಿದು ಚೆಂಡಾಡುವ ವಾಡಿಕೆಯುಂಟು. ಅಲ್ಲಿ ಬೀಳುವುದೇ ಆಟದ ಅರ್ಧ ಸೊಗಸು. ಗೆದ್ದವರಾರೆಂದು ಗುರುತಿಸಲು ಮೊದಲು ಅವರ ಮುಖ ತೊಳೆಯಬೇಕು.

ಈ ಮೋಡಗಳ ಕೆಳಗೆ ಕೆಲವು ವರ್ಷಗಳಿಂದ ಇನ್ನೊಂದು ಬಗೆಯ ಬಿತ್ತನೆಯೂ ನಡೆದು ಬಂದಿದೆ. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತ ತರುಣ ಕೈಯಲ್ಲಿನ ಫೋನಿನಿಂದಲೇ ಸಾವಿರಾರು ಮೈಲಿಗಳಾಚೆಯ ಆಟಗಾರರನ್ನು ಆರಿಸಿ ತನ್ನದೊಂದು ತಂಡ ಕಟ್ಟುತ್ತಾನೆ. ಅವರು ನಿಜವಾದ ಪಂದ್ಯದಲ್ಲಿ ಗೋಲು ಹೊಡೆದರೆ ಇವನಿಗೆ ಅಂಕ. ಅವರು ಮುಗ್ಗರಿಸಿದರೆ ಇವನಿಗೆ ನಷ್ಟ. ಫ್ಯಾಂಟಸಿ ಎಂದು ಹೆಸರಾದ ಈ ಆಟದಲ್ಲಿ ನಿಷ್ಣಾತರೆನಿಸಿಕೊಂಡವರು ಆಟಗಾರನ ಹಿಂದಿನ ಸಾಧನೆ, ಗಾಯ, ಎದುರಾಳಿಯ ಬಲಾಬಲಗಳನ್ನೆಲ್ಲ ಅಳೆದು ತೂಗಿದ ಮೇಲೆ ಹವಾಮಾನವನ್ನೂ ನೋಡುತ್ತಾರೆ. ಮಳೆ ಬರುವುದಾದರೆ ಯಾರನ್ನು ಬಿಡಬೇಕು, ಯಾರನ್ನು ಸೇರಿಸಬೇಕು? ಪ್ರಶ್ನೆ ಹುಡುಗಾಟದ್ದಾಗಿ ಕಂಡರೂ ಅದರ ಬೆನ್ನಿಗೆ ಅನೇಕ ಮನೆಗಳ ದುಡ್ಡು ಕಟ್ಟಿಕೊಂಡಿದ್ದುದರಿಂದ ವಿಚಾರಿಸಿ ನೋಡುವುದು ಲೇಸು.

ಮಳೆ ಬಂದರೆ ಕ್ರಿಕೆಟ್ ನಿಲ್ಲುತ್ತದೆ, ಕಾಲ್ಚೆಂಡು ನಿಲ್ಲುವುದಿಲ್ಲ. ಸಿಡಿಲಿನ ಭಯವಿಲ್ಲದೆ, ಚೆಂಡು ಉರುಳುವಷ್ಟು, ಪುಟಿಯುವಷ್ಟು ನೆಲ ಉಳಿದಿದ್ದರೆ ತೀರ್ಪುಗಾರ ಸೀಟಿ ಊದಿ ಆಟ ಆರಂಭಿಸಿಯೇ ಬಿಡುತ್ತಾನೆ. ಮಳೆ ಇಲ್ಲಿ ಆಟದ ಶತ್ರುವಲ್ಲ, ಆಟದೊಳಗಿನ ಇಪ್ಪತ್ತಮೂರನೆಯವನು. ಆದರೆ ಮಳೆಯೆಲ್ಲ ಒಂದೇ ಅಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಹುಲ್ಲು ಒದ್ದೆಯಾಗುವಷ್ಟು ಮಳೆ ಬಿದ್ದಾಗ ಚೆಂಡು ನೆಲವನ್ನು ಸವರಿಕೊಂಡು ಎಂದಿಗಿಂತ ವೇಗವಾಗಿ ಜಾರುತ್ತದೆ. ಚುರುಕಾಗಿ ಪಾಸು ಕೊಡುವ ತಂಡಕ್ಕೆ ಇದು ಹಿತವೇ. ಎಷ್ಟೋ ದೊಡ್ಡ ಕ್ರೀಡಾಂಗಣಗಳಲ್ಲಿ ಪಂದ್ಯಕ್ಕೆ ಮುಂಚೆ ತಾವೇ ಹುಲ್ಲಿಗೆ ನೀರು ಹಾಯಿಸುವುದು ಈ ಕಾರಣಕ್ಕಾಗಿಯೇ. ಮಳೆ ಇನ್ನೂ ಹೆಚ್ಚಿ ನೆಲ ನೆನೆದು ಮೆತ್ತಗಾದಾಗ ತಿರುಗುವವನ ಕಾಲು ಜಾರುತ್ತದೆ, ಓಡುವವನ ಉಸಿರು ಬೇಗ ಮುಗಿಯುತ್ತದೆ. ಅದನ್ನೂ ಮೀರಿ ನೀರು ಮಡುಗಟ್ಟಿ ನಿಂತಾಗ ಎಲ್ಲವೂ ತಲೆಕೆಳಗು: ಜಾರಬೇಕಾದ ಚೆಂಡು ನಿಂತ ನೀರಿನಲ್ಲಿ ತಟಕ್ಕನೆ ನಿಲ್ಲುತ್ತದೆ, ಪಾಸು ಕೊಟ್ಟವನೂ ಕಾದವನೂ ಪರಸ್ಪರ ಮುಖ ನೋಡುತ್ತಾರೆ.

ಹಾಗಾದಾಗ ಯಾರಿಗೆ ಲಾಭ? ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ನಾಲ್ಕು ಜನರ ನಡುವೆ ನುಸುಳುವ ಚತುರನಿಗಲ್ಲ. ಚೆಂಡನ್ನು ಗಾಳಿಯಲ್ಲಿ ದೂರ ಒದೆಯಬಲ್ಲವನಿಗೆ, ಎತ್ತರವಾಗಿ ನೆಗೆದು ತಲೆಯಿಂದ ಗುದ್ದಬಲ್ಲವನಿಗೆ, ದೂರದಿಂದಲೇ ಗುರಿಯಿಟ್ಟು ಹೊಡೆಯಬಲ್ಲವನಿಗೆ. ಒದ್ದೆ ಚೆಂಡು ಗೋಲುರಕ್ಷಕನ ಕೈಗವಸಿನಲ್ಲಿ ನಿಲ್ಲಲೊಲ್ಲದು. ಅವನು ಹಿಡಿಯುವ ಬದಲು ತಳ್ಳುತ್ತಾನೆ. ತಳ್ಳಿದ ಚೆಂಡಿಗಾಗಿ ಹೊಂಚುಹಾಕಿ ನಿಂತವನು ಸುಲಭದ ಗೋಲು ಗಳಿಸುತ್ತಾನೆ. ಮಣ್ಣಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ಹನೂರು ಕೊಳ್ಳೇಗಾಲಗಳ ಮರಳು ಬೆರೆತ ಕೆಮ್ಮಣ್ಣು ನೀರನ್ನು ಬೇಗ ಕುಡಿದು ಬೇಗ ಗಟ್ಟಿಯಾಗುವುದಾದರೆ, ಎರೆಯ ಮಣ್ಣು ಅಂಗಾಲಿಗೆ ಒಂದೊಂದು ಸೇರಿನಂತೆ ಅಂಟಿಕೊಂಡು ಓಟಗಾರನನ್ನು ಹೊರೆಯಾಳನ್ನಾಗಿ ಮಾಡುತ್ತದೆ. ಚೆಂಡಿನ ಮಾತೂ ಹಾಗೆಯೇ. ನಿಯಮದ ಪ್ರಕಾರ ಆಟದ ಆರಂಭದಲ್ಲಿ ಅದರ ತೂಕ 410ರಿಂದ 450 ಗ್ರಾಮ್. ತೊಗಲಿನ ಚೆಂಡಿನ ಕಾಲದಲ್ಲಿ ಆ ತೂಕ ಆರಂಭಕ್ಕಷ್ಟೆ ನಿಜ. ನೀರು ಕುಡಿದ ಚೆಂಡನ್ನು ತಲೆಯಿಂದ ಗುದ್ದಿದವನಿಗೆ ಆಟ ಮುಗಿದ ಮೇಲೂ ಅದರ ನೆನಪಿರುತ್ತಿತ್ತು. 1986ರ ವಿಶ್ವಕಪ್ಪಿನಿಂದ ಕೃತಕ ವಸ್ತುವಿನ ಚೆಂಡು ಬಂದು ಈ ಸಂಕಟವನ್ನು ಬಹುಮಟ್ಟಿಗೆ ಕಳೆಯಿತು.

ಮಳೆಗೆ ತಕ್ಕ ಆಟಗಾರನೆಂದರೆ ಜಗತ್ತಿಗೆ ಮೊದಲು ನೆನಪಾಗುವವನು ಜರ್ಮನಿಯ ಫ್ರಿಟ್ಸ್ ವಾಲ್ಟರ್. ಯುದ್ಧಕಾಲದಲ್ಲಿ ಮಲೇರಿಯಾಕ್ಕೆ ತುತ್ತಾಗಿದ್ದ ಆತನಿಗೆ ಸುಡುಬಿಸಿಲಿನಲ್ಲಿ ಆಡುವುದು ಕಷ್ಟ. ಮೋಡ ಮುಸುಕಿ ಮಳೆ ಹನಿಯತೊಡಗಿದರೆ ಆತ ಬೇರೆಯೇ ಮನುಷ್ಯ. ಜರ್ಮನರು ಇಂದಿಗೂ ಮಳೆಗಾಲದ ಪಂದ್ಯದ ದಿನವನ್ನು ಫ್ರಿಟ್ಸ್ ವಾಲ್ಟರನ ಹವೆ ಎಂದೇ ಕರೆಯುತ್ತಾರೆ. 1954ರ ಜುಲೈ 4ರಂದು ಸ್ವಿಟ್ಜರ್ಲೆಂಡಿನ ಬೆರ್ನ್ ನಗರದಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯ. ಎದುರಾಳಿ ಹಂಗೆರಿ, ನಾಲ್ಕು ವರ್ಷಗಳಿಂದ ಸೋಲರಿಯದ ತಂಡ, ಎರಡೇ ವಾರಗಳ ಹಿಂದೆ ಇದೇ ಪಶ್ಚಿಮ ಜರ್ಮನಿಯನ್ನು 8-3ರಿಂದ ನೆಲಕಚ್ಚಿಸಿದ್ದ ತಂಡ. ಆ ದಿನ ಮಳೆ ಬಂತು. ಎಂಟೇ ನಿಮಿಷಗಳಲ್ಲಿ ಹಂಗೆರಿ ಎರಡು ಗೋಲು ಹೊಡೆದು ಮುಂದಾಯಿತಾದರೂ ಕೊನೆಗೆ 3-2ರಿಂದ ಗೆದ್ದದ್ದು ಜರ್ಮನಿ. ಪಾದರಕ್ಷೆಯ ಕುಶಲಿ ಆಡಿ ಡಾಸ್ಲರ್ ಸಿದ್ಧಪಡಿಸಿದ್ದ ಬೂಟುಗಳ ಅಡಿಯ ಗುಬುಟುಗಳನ್ನು ತಿರುಪಿ ತೆಗೆದು, ಒದ್ದೆ ನೆಲಕ್ಕೆ ಒಪ್ಪುವ ಉದ್ದನೆಯವನ್ನು ಕೂರಿಸಬಹುದಾಗಿತ್ತು. ಮಳೆಯೇ ಗೆಲ್ಲಿಸಿತೆಂದು ಬರೆಯುವುದು ಸುಲಭ. ಆದರೆ ಮೊದಲ ಪಂದ್ಯದಲ್ಲಿ ಜರ್ಮನ್ ತರಬೇತುದಾರ ತನ್ನ ಪೂರ್ಣ ಬಲವನ್ನು ಇಳಿಸಿರಲಿಲ್ಲ, ಹಂಗೆರಿಯ ನಾಯಕ ಪುಸ್ಕಾಸ್ ಗಾಯದಿಂದ ಇನ್ನೂ ಪೂರ್ತಿ ಚೇತರಿಸಿಕೊಂಡಿರಲಿಲ್ಲ ಎಂಬುದನ್ನೂ ಸೇರಿಸಬೇಕು. ಮಳೆ ಒಂದು ಪಾಲು ಮಾಡಿತು. ಆ ಪಾಲನ್ನು ಬಳಸಿಕೊಳ್ಳಲು ಕೆಳಗೆ ಮನುಷ್ಯರು ಸಿದ್ಧರಾಗಿದ್ದರು.

ಇಪ್ಪತ್ತು ವರ್ಷಗಳ ತರುವಾಯ, 1974ರ ಜುಲೈ 3ರಂದು, ಫ್ರಾಂಕ್‌ಫರ್ಟಿನಲ್ಲಿ ನಡೆದುದು ಇನ್ನೂ ವಿಚಿತ್ರ. ಪಶ್ಚಿಮ ಜರ್ಮನಿಗೂ ಪೋಲೆಂಡಿಗೂ ಪಂದ್ಯ. ಗೆದ್ದವರಿಗೆ ವಿಶ್ವಕಪ್ಪಿನ ಅಂತಿಮ ಸುತ್ತು. ಆಕಾಶವೇ ಕಳಚಿಬಿದ್ದಂತೆ ಮಳೆ ಸುರಿದು ಕ್ರೀಡಾಂಗಣ ಕೆರೆಯಾಯಿತು. ಅಗ್ನಿಶಾಮಕ ದಳದವರು ಪಂಪುಗಳನ್ನು ತಂದು ನೀರೆತ್ತಿದರು. ಆಟ ತಡವಾಗಿ ಆರಂಭವಾದರೂ ನೀರು ಪೂರ್ತಿ ಇಳಿಯಲಿಲ್ಲ. ಪೋಲೆಂಡಿನ ಬಲವೆಲ್ಲ ಲಾಟೊ, ಗಡೋಖಾರಂತಹ ಬಿರುಸಿನ ಓಟಗಾರರಲ್ಲಿತ್ತು; ಆ ಬಿರುಸು ನೀರಿನಲ್ಲಿ ಮುಳುಗಿತು. ಪಂದ್ಯ ಸಮವಾದರೂ ಜರ್ಮನಿಗೆ ಸಾಕಾಗಿತ್ತೆಂಬುದನ್ನು ನೆನೆದರೆ ಆ ಮಳೆ ಯಾರ ಪಕ್ಷ ಎಂಬುದು ಸ್ಪಷ್ಟ. ಪೋಲಿಷ್ ಗೋಲುರಕ್ಷಕ ತೊಮಾಷೆವ್‌ಸ್ಕಿ ಪೆನಾಲ್ಟಿಯೊಂದನ್ನು ತಡೆದು ನಿಲ್ಲಿಸಿದ; ಆದರೂ 76ನೆಯ ನಿಮಿಷದಲ್ಲಿ ಗೆರ್ಡ್ ಮ್ಯೂಲರ್ ಪಂದ್ಯದ ಏಕೈಕ ಗೋಲು ಹೊಡೆದ. ಕುಳ್ಳಗೆ ಗಟ್ಟಿಮುಟ್ಟಾಗಿದ್ದ, ಓಡುವುದಕ್ಕಿಂತ ಗೋಲಿನೆದುರು ಕಾದು ನಿಲ್ಲುವುದರಲ್ಲಿ ನಿಪುಣನಾದ ಮ್ಯೂಲರನಿಗೆ ನೀರು ಅಷ್ಟೇನೂ ಅಡ್ಡಿಯಾಗಿರಲಿಲ್ಲವೆನ್ನಬೇಕು.

ನಮ್ಮವರಿಗೆ ಮಳೆ ತಂದ ಸಂಕಟದ ಕಥೆ ಬೇರೆ. ಬರಿಗಾಲಿನಲ್ಲಿ ಚೆಂಡಾಡಿ ಬೆಳೆದ ದೇಶ ಇದು. 1911ರ ಜುಲೈ 29ರಂದು ಮೋಹನ್ ಬಾಗಾನ್ ತಂಡ ಬಹುತೇಕ ಬರಿಗಾಲಿನಲ್ಲೇ ಆಡಿ ಈಸ್ಟ್ ಯಾರ್ಕ್‌ಷೈರ್ ಪಡೆಯನ್ನು 2-1ರಿಂದ ಮಣಿಸಿ ಐ. ಎಫ್. ಎ. ಷೀಲ್ಡ್ ಗೆದ್ದುದನ್ನು ಇಂದಿಗೂ ಹಾಡಿ ಹೊಗಳುತ್ತಾರೆ. ಆದರೆ ಕಲ್ಕತ್ತೆಯ ಕಾಲ್ಚೆಂಡಿನ ಋತುವೆಂದರೆ ಮಳೆಯ ಋತು. ಒಣ ನೆಲದಲ್ಲಿ ಚಿಗರೆಯಂತೆ ನೆಗೆಯುವ ಬರಿಗಾಲು ಕೆಸರಿನಲ್ಲಿ ಹಿಡಿತ ತಪ್ಪುತ್ತಿತ್ತು, ಬೂಟು ತೊಟ್ಟ ಗೋರಾ ಸಿಪಾಯಿಗಳು ಮೇಲಾಗುತ್ತಿದ್ದರು. 1934ರಿಂದ 1938ರವರೆಗೆ ಸತತವಾಗಿ ಐದು ಬಾರಿ ಕಲ್ಕತ್ತಾ ಲೀಗ್ ಗೆದ್ದ ಮೊಹಮ್ಮದನ್ ಸ್ಪೋರ್ಟಿಂಗ್ ತಂಡ ಒದ್ದೆ ನೆಲಕ್ಕೆ ಬೂಟು ತೊಡುವುದನ್ನು ರೂಢಿಸಿಕೊಂಡದ್ದು ಅದರ ಜಾಣತನ. ಆ ತಂಡದ ಜಯಭೇರಿಯ ನಡುವೆಯೇ, 1937ರಲ್ಲಿ, ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊಟ್ಟಮೊದಲ ಭಾರತೀಯ ತಂಡವೆಂಬ ಕೀರ್ತಿ ಬೆಂಗಳೂರು ಮುಸ್ಲಿಮ್ಸ್ ತಂಡಕ್ಕೆ ಸಂದಿತೆಂಬುದನ್ನು ಕನ್ನಡಿಗರು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ.

1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಬಹುಮಂದಿ ಆಟಗಾರರು ಬರಿಗಾಲಿನಲ್ಲಿ ಫ್ರಾನ್ಸಿನೆದುರು ಆಡಿ 1-2ರಿಂದ ಸೋತರು. ಎರಡು ಪೆನಾಲ್ಟಿಗಳು ವ್ಯರ್ಥವಾದವು. ಭಾರತದ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಹೊಡೆದದ್ದು. ನಾಲ್ಕು ವರ್ಷಗಳ ಮೇಲೆ ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯಾ ಎದುರು 1-10ರ ಸೋಲು. ಅಲ್ಲಿಯೂ ಮಾನ ಉಳಿಸಿದ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನರದು. ಅನಂತರವೇ ಬೂಟು ಕಡ್ಡಾಯವಾಯಿತು. ಕಾಲಿನ ಕೌಶಲ ಕುಂದಿರಲಿಲ್ಲ. ನೆಲವೂ ಹವೆಯೂ ಬೇರೆಯಾಗಿದ್ದವು.

ಇಷ್ಟನ್ನು ತಿಳಿದ ಮೇಲೆ ಫೋನಿನಲ್ಲಿ ತಂಡ ಕಟ್ಟುವ ತರುಣನ ಬಳಿಗೆ ಬರಬಹುದು. ಇಂಗ್ಲೆಂಡಿನ ಲೀಗನ್ನು ಆಧರಿಸಿದ ಫ್ಯಾಂಟಸಿ ಪ್ರೀಮಿಯರ್ ಲೀಗ್ ಎಂಬ ಆಟವನ್ನು ಉದಾಹರಣೆಗೆ ತೆಗೆದುಕೊಳ್ಳೋಣ, ಅದಕ್ಕೆ ಪ್ರವೇಶಧನವಿಲ್ಲ. ಹತ್ತು ಕೋಟಿ ಪೌಂಡುಗಳ ಕಾಲ್ಪನಿಕ ಥೈಲಿಯಲ್ಲಿ ಹದಿನೈದು ಆಟಗಾರರನ್ನು ಕೊಳ್ಳಬೇಕು. ಹನ್ನೊಂದು ಮಂದಿಯನ್ನು ಕಣಕ್ಕಿಳಿಸಬೇಕು. ನಾಯಕನೆಂದು ಆರಿಸಿದವನ ಅಂಕ ಇಮ್ಮಡಿ. ಮುಂಚೂಣಿಯವನ ಗೋಲಿಗೆ 4, ಮಧ್ಯದ ಸಾಲಿನವನದಕ್ಕೆ 5, ಹಿಂಗಾವಲಿನವನದಕ್ಕೆ 6 ಅಂಕ. ಎದುರಾಳಿಗೆ ಒಂದೂ ಗೋಲು ಬಿಟ್ಟುಕೊಡದ ತಂಡದ ಗೋಲುರಕ್ಷಕನಿಗೂ ಹಿಂಗಾವಲಿನವರಿಗೂ ತಲಾ 4. ಗೋಲುರಕ್ಷಕ ಮೂರು ಹೊಡೆತ ತಡೆದರೆ 1. ಒಂದೇ ಕ್ಲಬ್ಬಿನಿಂದ ಮೂವರಿಗಿಂತ ಹೆಚ್ಚು ಮಂದಿಯನ್ನು ಆರಿಸುವಂತಿಲ್ಲ. ಹನೂರಿನ ರೈತ ಇದನ್ನು ಕೇಳಿದರೆ, ಇದು ನಮ್ಮ ಅಕ್ಕಡಿ ಸಾಲೇ ಅಲ್ಲವೇ ಎಂದಾನು.

ಇಲ್ಲಿ ಮಳೆಯ ಲೆಕ್ಕ ಹೇಗೆ? ಹಿಂದೆ ಹೇಳಿದ ಕ್ರಮದಲ್ಲಿ ನೋಡಿದರೆ ನಿಂತ ನೀರಿನ ದಿನ ಹಿಂಗಾವಲಿನ ಎತ್ತರದ ಆಳು, ಕಾರ್ನರಿನಿಂದ ಬಂದ ಚೆಂಡಿಗೆ ತಲೆಗೊಡಬಲ್ಲವನು, ಹೆಚ್ಚು ಬೆಲೆಯುಳ್ಳವನಾಗುತ್ತಾನೆ. ಪೆನಾಲ್ಟಿ, ಫ್ರೀಕಿಕ್, ಕಾರ್ನರುಗಳನ್ನು ಒದೆಯುವ ಅಧಿಕಾರವುಳ್ಳವನೂ ಹಾಗೆಯೇ. ನಿಂತ ಚೆಂಡನ್ನು ಒದೆಯುವವನಿಗೆ ಕೆಸರಿನಲ್ಲಿ ನುಸುಳುವ ಕಷ್ಟವಿಲ್ಲ. ಅಂಚಿನ ಓಟಗಾರನ ಬೆಲೆ ಇಳಿಯುತ್ತದೆ. ಗೋಲುರಕ್ಷಕನ ವಿಚಾರ ಇಬ್ಬಂದಿಯದು. ಹೊಡೆತಗಳು ಹೆಚ್ಚಿದಷ್ಟೂ ತಡೆಯುವ ಅಂಕ ಹೆಚ್ಚು, ಕೈಜಾರುವ ಅಪಾಯವೂ ಹೆಚ್ಚು. ಆದರೆ ಈ ಸೂತ್ರಗಳೆಲ್ಲ ಒಡೆಯರಪಾಳ್ಯದ ಮಣ್ಣಿನ ಬಯಲಿಗೆ ಸರಿಯೇ ಹೊರತು ಇಂಗ್ಲೆಂಡಿನ ಮೊದಲ ದರ್ಜೆಯ ಕ್ರೀಡಾಂಗಣಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಅಲ್ಲಿ ನೆಲದಡಿಯಲ್ಲಿ ನೀರಿಳಿಯುವ ಕೊಳವೆಗಳು, ಹುಲ್ಲು ಹೆಪ್ಪುಗಟ್ಟದಂತೆ ಬಿಸಿಯಿಡುವ ವ್ಯವಸ್ಥೆಗಳು ಇವೆ. ಆಕಾಶ ಸುರಿಯುತ್ತಿದ್ದರೂ ಚೆಂಡು ಉರುಳುತ್ತಲೇ ಇರುತ್ತದೆ. ದೂರದರ್ಶನದಲ್ಲಿ ಮಳೆ ಕಂಡೊಡನೆ ಓಟಗಾರನನ್ನು ಕೈಬಿಡುವ ತರುಣ ಹನೂರಿನ ನೆಲವನ್ನು ಮ್ಯಾಂಚೆಸ್ಟರಿಗೆ ಕೊಂಡೊಯ್ದಂತಾಯಿತು. ಅಂಥ ನೆಲದ ಮೇಲೆ ಮಳೆಗಿಂತ ಗಾಳಿಯೇ ದೊಡ್ಡ ಕಂಟಕ. 2024ರ ಡಿಸೆಂಬರ್ 7ರಂದು ಎವರ್ಟನ್ ಮತ್ತು ಲಿವರ್‌ಪೂಲುಗಳ ನಡುವೆ ನಡೆಯಬೇಕಾಗಿದ್ದ ಪಂದ್ಯ ಡಾರಾ ಎಂಬ ಬಿರುಗಾಳಿಯ ದೆಸೆಯಿಂದ ಅಂದೇ ಬೆಳಿಗ್ಗೆ ಮುಂದೂಡಲ್ಪಟ್ಟಿತು. ಲಿವರ್‌ಪೂಲಿನ ಸಲಾನನ್ನು ನಾಯಕನನ್ನಾಗಿ ಆರಿಸಿ ಮರೆತು ಕುಳಿತವರಿಗೆ ಉಪನಾಯಕನೇ ಗತಿಯಾದ.

ಇನ್ನೊಂದು ತೊಡಕುಂಟು. ಒಂದು ಸುತ್ತಿನ ಮೊದಲ ಪಂದ್ಯಕ್ಕೆ ಒಂದೂವರೆ ಗಂಟೆ ಮುಂಚೆಯೇ ಆಯ್ಕೆಯ ಬಾಗಿಲು ಮುಚ್ಚುತ್ತದೆ. ಆ ಸುತ್ತು ಶುಕ್ರವಾರ ತೊಡಗಿ ಸೋಮವಾರ ಮುಗಿಯುವುದೂ ಉಂಟು. ಸೋಮವಾರ ರಾತ್ರಿಯ ಮಳೆಯನ್ನು ಶುಕ್ರವಾರ ಊಹಿಸಬೇಕು. ಊಹಿಸಿದರೂ ಎಷ್ಟು ಮಳೆ, ನೀರು ನಿಲ್ಲುವುದೋ ಇಳಿಯುವುದೋ ತಿಳಿಯದು. ಕಣದಲ್ಲಿರುವವನಿಗೆ ಈ ಕಷ್ಟವಿಲ್ಲ. ಅವನು ಬೆಚ್ಚಗಾಗಲು ಬಂದಾಗಲೇ ನೆಲವನ್ನು ಕಾಲಿನಿಂದ ಒತ್ತಿ ನೋಡುತ್ತಾನೆ, ಬೂಟು ಬದಲಾಯಿಸುತ್ತಾನೆ, ಎಲ್ಲಿ ಜಾರುತ್ತದೆಯೋ ಆ ಮೂಲೆಯನ್ನು ನೆನಪಿಟ್ಟುಕೊಳ್ಳುತ್ತಾನೆ. ಮಳೆ ಅವನ ಒಂದು ಕೌಶಲವನ್ನು ಕಸಿದುಕೊಂಡು ಇನ್ನೊಂದನ್ನು ಕೇಳುತ್ತದೆ; ಉಳ್ಳವನು ಕೊಡುತ್ತಾನೆ. ಕಟ್ಟೆಯ ಮೇಲೆ ಕುಳಿತವನಿಂದ ಮಳೆ ಕೇಳುವುದು ಕೌಶಲವನ್ನಲ್ಲ, ಅದೃಷ್ಟವನ್ನು. ಕಣದಲ್ಲಿದ್ದವನೂ ಒಮ್ಮೊಮ್ಮೆ ತಪ್ಪಿಸಿಕೊಳ್ಳಲಾರ: 2008ರ ಮೇ 21ರಂದು ಮಾಸ್ಕೋದಲ್ಲಿ, ಯೂರೋಪಿನ ಚಾಂಪಿಯನ್ಸ್ ಲೀಗಿನ ಅಂತಿಮ ಪಂದ್ಯದಲ್ಲಿ, ಒದ್ದರೆ ಕಪ್ಪು ಚೆಲ್ಸಿಯದಾಗುವಂತಿದ್ದ ಪೆನಾಲ್ಟಿಗೆ ಬಂದ ಜಾನ್ ಟೆರಿ ಮಳೆಯಲ್ಲಿ ನೆನೆದ ಹುಲ್ಲಿನ ಮೇಲೆ ಜಾರಿದ, ಚೆಂಡು ಕಂಬಕ್ಕೆ ತಾಗಿ ಹೊರಗೆ ಹೋಯಿತು, ಕಪ್ಪು ಮ್ಯಾಂಚೆಸ್ಟರ್ ಯುನೈಟೆಡ್ ಪಾಲಾಯಿತು. ಯಾವ ಅಂಕಿ ಅಂಶದ ಪಟ್ಟಿಯಲ್ಲಿ ಆ ಜಾರಿಕೆಯನ್ನು ಮೊದಲೇ ಓದಬಹುದಾಗಿತ್ತು?

ಹಣವಿಲ್ಲದ ಆಟದಲ್ಲಿ ಇದು ಸ್ವಾರಸ್ಯ. ಹಣವಿಟ್ಟ ಆಟದಲ್ಲಿ ಹಾಗಲ್ಲ. ಪ್ರವೇಶಧನ ಪಡೆದು ಬಹುಮಾನ ಹಂಚುತ್ತಿದ್ದ ಸಂಸ್ಥೆಗಳು ವರ್ಷಗಟ್ಟಲೆ ಹೇಳಿಕೊಂಡು ಬಂದ ವಾದವೆಂದರೆ, ಇದು ಜೂಜಲ್ಲ, ಕೌಶಲದ ಆಟ ಎಂಬುದು. ನ್ಯಾಯಾಲಯಗಳಲ್ಲಿಯೂ ಆ ವಾದಕ್ಕೆ ಮನ್ನಣೆ ದೊರೆತುದುಂಟು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಆ ನಿಷೇಧದ ಕಲಮುಗಳನ್ನು ಅಸಿಂಧುವೆಂದು ತಳ್ಳಿಹಾಕಿತು. ಮೂರು ವರ್ಷಗಳ ಬಳಿಕ ಸಂಸತ್ತು ಆನ್‌ಲೈನ್ ಆಟಗಳ ಕುರಿತು ಕಾಯಿದೆಯೊಂದನ್ನು ಅಂಗೀಕರಿಸಿ, 2025ರ ಆಗಸ್ಟ್ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಕೌಶಲವೋ ಅದೃಷ್ಟವೋ ಎರಡೂ ಬೆರೆತದ್ದೋ ಎಂದು ಆ ಕಾಯಿದೆ ವಿಚಾರಿಸುವುದೇ ಇಲ್ಲ. ಗೆಲುವಿನ ಆಸೆಯಿಂದ ಹಣ ಕಟ್ಟಿಸಿಕೊಂಡರೆ ಸಾಕು, ಅಂಥ ಆಟವನ್ನು ನಡೆಸುವುದು ಅಪರಾಧ. ಶಿಕ್ಷೆ ಆಡುವವನಿಗಲ್ಲ, ಆಡಿಸುವವನಿಗೆ: ಮೂರು ವರ್ಷಗಳವರೆಗೆ ಸೆರೆ, ಒಂದು ಕೋಟಿ ರೂಪಾಯಿಯವರೆಗೆ ದಂಡ. ಭಾರತದ ಕ್ರಿಕೆಟ್ ತಂಡದ ಅಂಗಿಯ ಮೇಲೆ ಅದುವರೆಗೆ ಹೆಸರು ಮುದ್ರಿಸಿಕೊಂಡಿದ್ದ ಡ್ರೀಮ್ ಇಲೆವೆನ್ ಸಂಸ್ಥೆ ತನ್ನ ಹಣದ ಪಂದ್ಯಗಳನ್ನು ಆ ವಾರವೇ ನಿಲ್ಲಿಸಿತು.

ಕಾಯಿದೆ ಹೀಗೆ ಕತ್ತರಿಸಿ ಹೇಳಿದ್ದು ಸರಿಯೇ ಎಂದು ಕೇಳುವವರಿದ್ದಾರೆ. ಸ್ಪರ್ಧೆಗೆ ಕಟ್ಟಿದ ಹಣ ಹತ್ತಾರು ರೂಪಾಯಿಗಳಷ್ಟೇ ಆದಾಗ, ಇದು ಸಿನಿಮಾ ಟಿಕೇಟಿನ ಬೆಲೆಯೂ ಅಲ್ಲ ಎಂದು ಅವರು ಹೇಳುವುದರಲ್ಲಿ ಹುರುಳಿಲ್ಲದಿಲ್ಲ. ಆದರೆ ಸಿನಿಮಾ ಟಿಕೇಟು ಕೊಂಡವನು ಮೂರು ಗಂಟೆಗಳ ಬಳಿಕ ಎದ್ದು ಮನೆಗೆ ಹೋಗುತ್ತಾನೆ; ಸೋತ ಹಣವನ್ನು ಮರಳಿ ಪಡೆಯಲೆಂದು ಅದೇ ರಾತ್ರಿ ಇನ್ನೊಂದು ಟಿಕೇಟು ಕೊಳ್ಳುವುದಿಲ್ಲ. ರೈತನೂ ಮಳೆಯ ಮೇಲೆ ಹಣ ಹೂಡುವವನೇ ಎಂಬ ಮಾತೂ ಕೇಳಿಬರುತ್ತದೆ. ಹೂಡುತ್ತಾನೆ ನಿಜ. ಆದರೆ ಮಳೆ ತಪ್ಪಿದರೆ ಅವನಿಗೆ ಎರಡನೆಯ ಬಿತ್ತನೆಯುಂಟು, ರಾಗಿ ಹೋದರೆ ದನಕ್ಕೆ ಹುಲ್ಲಾದರೂ ಉಳಿಯುವುದುಂಟು, ಮುಂದಿನ ನಕ್ಷತ್ರದವರೆಗೆ ಕಾಯುವ ವ್ಯವಧಾನವೂ ಉಂಟು. ಫೋನಿನ ಸ್ಪರ್ಧೆಯಲ್ಲಿ ಸೀಟಿ ಊದಿದ ಮೇಲೆ ಯಾವುದೂ ಉಳಿಯದು. ಉಳಿಯುವುದು ಇನ್ನೊಂದು ಸ್ಪರ್ಧೆಯ ಕರೆ ಮಾತ್ರ.

ಹಣದ ವ್ಯವಹಾರವಿಲ್ಲದೆ ಸ್ನೇಹಿತರೊಳಗೆ ಅಂಕಕ್ಕಾಗಿ ಆಡುವುದಕ್ಕೆ ಆ ಕಾಯಿದೆಯಲ್ಲಿ ಅಡ್ಡಿಯಿಲ್ಲ. ಅಂಥ ಆಟವನ್ನು ಮನೆಯ ಹಿರಿಯರೂ ಜೊತೆಗೆ ಕುಳಿತು ನೋಡಬಹುದು. ಯಾವ ಊರಿನಲ್ಲಿ ಮಳೆ, ಅಲ್ಲಿಯ ನೆಲ ಎಂಥದು, ಎತ್ತರದವನನ್ನು ಸೇರಿಸೋಣವೇ ಓಟಗಾರನನ್ನೇ ಇಟ್ಟುಕೊಳ್ಳೋಣವೇ ಎಂದು ಚರ್ಚಿಸಬಹುದು. ಮೊಮ್ಮಗನು ಮ್ಯಾಂಚೆಸ್ಟರಿನ ಮೋಡವನ್ನು ಫೋನಿನಲ್ಲಿ ನೋಡುತ್ತಿರುವಾಗ, ಹಸ್ತದ ಮಳೆ ಹೇಗಿರುತ್ತದೆಂಬುದನ್ನು ಅರವತ್ತು ವರ್ಷ ಕಂಡ ತಾತನಿಗೆ ಆ ಚರ್ಚೆಯಲ್ಲಿ ಹೇಳುವುದು ಬೇಕಾದಷ್ಟಿರುತ್ತದೆ.